ಅಭಿವೃದ್ಧಿಶೀಲ ದೇಶದ ಕೈಗಾರಿಕಾ ರಚನೆ ಮತ್ತು ಆರ್ಥಿಕ ಬೆಳವಣಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೈಗಾರಿಕಾ ರಚನೆ ಎಂದರೆ ಏನು?

ಒಂದು ದೇಶದ ಒಟ್ಟು ಉತ್ಪನ್ನ ಯಾವ ಯಾವ ವಲಯಗಳಿಂದ ಬರುತ್ತದೆ, ದುಡಿಯುವ ಜನ ಆ ವಲಯಗಳಲ್ಲಿ ಹೇಗೆ ಹಂಚಿಹೋಗಿದ್ದಾರೆ, ಆ ವಲಯಗಳು ಒಂದರಿಂದ ಇನ್ನೊಂದು ಏನನ್ನು ಕೊಳ್ಳುತ್ತವೆ ಎಂಬ ಮೂರೂ ಸೇರಿದ ಚಿತ್ರವನ್ನು ಕೈಗಾರಿಕಾ ರಚನೆ ಎನ್ನಬಹುದು. ಕೃಷಿ, ಮೀನುಗಾರಿಕೆ, ಗಣಿಗಾರಿಕೆಗಳನ್ನು ಪ್ರಾಥಮಿಕ ವಲಯವೆಂದೂ, ತಯಾರಿಕೆ ಮತ್ತು ನಿರ್ಮಾಣವನ್ನು ದ್ವಿತೀಯ ವಲಯವೆಂದೂ, ವ್ಯಾಪಾರ, ಸಾರಿಗೆ, ಬ್ಯಾಂಕಿಂಗ್, ಶಿಕ್ಷಣ ಮೊದಲಾದವನ್ನು ತೃತೀಯ ವಲಯವೆಂದೂ ಕರೆಯುವ ವಿಂಗಡಣೆ 1930ರ ದಶಕದ ಆಸುಪಾಸಿನಲ್ಲಿ ಅರ್ಥಶಾಸ್ತ್ರಜ್ಞರಾದ ಆಲನ್ ಫಿಶರ್ ಮತ್ತು ಕಾಲಿನ್ ಕ್ಲಾರ್ಕ್ ಅವರ ಬರಹಗಳಿಂದ ಬಳಕೆಗೆ ಬಂತು. ಈ ವಿಂಗಡಣೆ ಅನುಕೂಲಕರವಾದರೂ ಒರಟಾದದ್ದು. ಸಕ್ಕರೆ ಗಿರಣಿಯೂ ವಿಮಾನ ತಯಾರಿಕೆಯೂ ಒಂದೇ ವಲಯದಲ್ಲಿ ಬರುತ್ತವೆ. ತಲೆಹೊರೆ ವ್ಯಾಪಾರಿಯೂ ತಂತ್ರಾಂಶ ಎಂಜಿನಿಯರೂ ಇನ್ನೊಂದೇ ವಲಯದಲ್ಲಿ ಬರುತ್ತಾರೆ. ಆದ್ದರಿಂದ ಮುಂದಿನ ಉತ್ತರಗಳಲ್ಲಿ ವಲಯಗಳ ಪಾಲನ್ನು ಮಾತ್ರ ನೋಡದೆ, ಪ್ರತಿ ವಲಯದ ಒಳಗಿನ ಕಸುಬುಗಳ ಗುಣವನ್ನೂ ಅವುಗಳ ನಡುವಿನ ಕೊಂಡಿಗಳನ್ನೂ ಗಮನಿಸಲಾಗಿದೆ.

ಬಂಡವಾಳ ಹೂಡಿಕೆ ಹೆಚ್ಚಿದರೆ ಬೆಳವಣಿಗೆ ತಾನಾಗಿ ಬರುವುದಿಲ್ಲವೇ? ರಚನೆಯ ಮಾತೇಕೆ?

ಹೂಡಿಕೆ ಬೇಕೇ ಬೇಕು. ಆದರೆ ಬಡ ದೇಶಗಳಲ್ಲಿ ಕಂಡುಬರುವ ಒಂದು ವಿಶೇಷವನ್ನು ಹೂಡಿಕೆಯ ಲೆಕ್ಕ ಮಾತ್ರ ವಿವರಿಸಲಾರದು. ಶ್ರೀಮಂತ ದೇಶದಲ್ಲಿ ರೈತನೊಬ್ಬನ ಉತ್ಪಾದಕತೆಗೂ (ಒಬ್ಬರು ದುಡಿದು ಹುಟ್ಟಿಸುವ ಉತ್ಪನ್ನ) ಕಾರ್ಖಾನೆಯ ಕೆಲಸಗಾರನ ಉತ್ಪಾದಕತೆಗೂ ಇರುವ ಅಂತರ ಸಾಮಾನ್ಯವಾಗಿ ಸಣ್ಣದು. ಬಡ ದೇಶದಲ್ಲಿ ಅದು ಹಲವು ಪಟ್ಟು. ಅಂದರೆ ಒಂದೇ ದೇಶದೊಳಗೆ ಎರಡು ಬೇರೆ ಬೇರೆ ಆರ್ಥಿಕತೆಗಳು ಅಕ್ಕಪಕ್ಕದಲ್ಲಿ ಬದುಕುತ್ತಿರುತ್ತವೆ.

ಒಂದು ಸರಳ ಲೆಕ್ಕ ನೋಡೋಣ. ನೂರು ಜನ ದುಡಿಯುವ ಒಂದು ಆರ್ಥಿಕತೆಯಲ್ಲಿ 70 ಮಂದಿ ಹೊಲದಲ್ಲಿ ತಲಾ 1 ಘಟಕದಷ್ಟು, 30 ಮಂದಿ ಕಾರ್ಖಾನೆಯಲ್ಲಿ ತಲಾ 4 ಘಟಕದಷ್ಟು ಉತ್ಪಾದಿಸುತ್ತಾರೆ ಎಂದಿಟ್ಟುಕೊಳ್ಳಿ. ಒಟ್ಟು ಉತ್ಪನ್ನ 190 ಘಟಕ. ಈಗ ಹತ್ತು ಮಂದಿ ಹೊಲ ಬಿಟ್ಟು ಕಾರ್ಖಾನೆ ಸೇರುತ್ತಾರೆ. ಎರಡೂ ಕಡೆ ತಲಾ ಉತ್ಪಾದನೆ ಹಾಗೇ ಉಳಿಯುತ್ತದೆ. ಆಗ ಒಟ್ಟು ಉತ್ಪನ್ನ 60 ಮತ್ತು 160 ಸೇರಿ 220 ಆಗುತ್ತದೆ. ಹೊಸ ತಂತ್ರಜ್ಞಾನ ಯಾವುದೂ ಬಂದಿಲ್ಲ, ಯಾರೂ ಮೊದಲಿಗಿಂತ ಚುರುಕಾಗಿಲ್ಲ. ಜನ ಜಾಗ ಬದಲಿಸಿದ್ದರಿಂದಲೇ ದೇಶದ ಉತ್ಪನ್ನ ಶೇ. 15ಕ್ಕಿಂತ ಹೆಚ್ಚು ಏರಿದೆ. ಇದೇ ಹತ್ತು ಮಂದಿ ಕಾರ್ಖಾನೆಯ ಬದಲು ನಗರದ ಬೀದಿಬದಿಯಲ್ಲಿ ತಲಾ ಒಂದೂವರೆ ಘಟಕ ಹುಟ್ಟುವ ಚಿಲ್ಲರೆ ಕೆಲಸ ಹಿಡಿದಿದ್ದರೆ ಒಟ್ಟು ಉತ್ಪನ್ನ 195ಕ್ಕೆ ನಿಲ್ಲುತ್ತಿತ್ತು. ಹಳ್ಳಿ ಬಿಟ್ಟವರ ಸಂಖ್ಯೆ ಎರಡೂ ಸಂದರ್ಭದಲ್ಲಿ ಒಂದೇ. ಫಲ ಮಾತ್ರ ಬೇರೆ.

ಸೇಂಟ್ ಲೂಸಿಯಾ ದ್ವೀಪದಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್ 1954ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳು ಇದೇ. ಸಾಂಪ್ರದಾಯಿಕ ವಲಯದಲ್ಲಿ ಕೆಲಸಕ್ಕಿಂತ ಕೈಗಳು ಹೆಚ್ಚಾಗಿರುವವರೆಗೆ, ಆಧುನಿಕ ವಲಯವು ಕೂಲಿ ಏರಿಸದೆಯೇ ಹೊಸಬರನ್ನು ಸೇರಿಸಿಕೊಳ್ಳುತ್ತ, ಬಂದ ಲಾಭವನ್ನು ಮತ್ತೆ ಹೂಡುತ್ತ ಬೆಳೆಯಬಲ್ಲದು ಎಂದು ಅವರು ವಾದಿಸಿದರು. ಹೆಚ್ಚುವರಿ ಕೈಗಳು ಮುಗಿದ ಮೇಲೆ ಕೂಲಿ ಏರಲು ತೊಡಗುತ್ತದೆ. ಅಭಿವೃದ್ಧಿಶೀಲ ದೇಶಗಳ ಸಮಸ್ಯೆಗಳ ಅಧ್ಯಯನಕ್ಕಾಗಿ 1979ರ ನೊಬೆಲ್ ಪ್ರಶಸ್ತಿ ಅವರಿಗೂ ಥಿಯೊಡರ್ ಶುಲ್ಟ್ಜ್ ಅವರಿಗೂ ಸಂದಿತು.

ತಯಾರಿಕಾ ವಲಯಕ್ಕೆ ಅಷ್ಟು ವಿಶೇಷ ಸ್ಥಾನ ಏಕೆ?

ಮೂರು ಕಾರಣಗಳು ಪರಸ್ಪರ ಹೆಣೆದುಕೊಂಡಿವೆ. ತಯಾರಿಕೆಯಲ್ಲಿ ಉತ್ಪಾದನೆ ಹೆಚ್ಚಿದಷ್ಟೂ ಪ್ರತಿ ವಸ್ತುವಿನ ವೆಚ್ಚ ಇಳಿಯುತ್ತದೆ ಎಂಬುದು ಮೊದಲನೆಯದು. ಹೊಲದಲ್ಲಿ ಎರಡು ಪಟ್ಟು ದುಡಿದರೂ ನೆಲ ಎರಡು ಪಟ್ಟಾಗುವುದಿಲ್ಲ. ಕಾರ್ಖಾನೆಗೆ ಆ ಮಿತಿ ಅಷ್ಟು ಬೇಗ ಎದುರಾಗುವುದಿಲ್ಲ. ಎರಡನೆಯದು ಕೆಲಸ ಮಾಡುತ್ತಲೇ ಕಲಿಯುವುದು: ಡಚ್ ಅರ್ಥಶಾಸ್ತ್ರಜ್ಞ ವರ್ಡೂರ್ನ್ 1949ರಲ್ಲಿ, ಉತ್ಪಾದನೆ ವೇಗವಾಗಿ ಬೆಳೆದಾಗ ತಲಾ ಉತ್ಪಾದಕತೆಯೂ ಅದರೊಂದಿಗೆ ಏರುವುದನ್ನು ಗುರುತಿಸಿದರು; ನಿಕೋಲಸ್ ಕಾಲ್ಡೋರ್ 1966ರ ಕೇಂಬ್ರಿಜ್ ಉಪನ್ಯಾಸದಲ್ಲಿ ಅದನ್ನೇ ಬೆಳೆಸಿ, ತಯಾರಿಕೆ ವೇಗವಾಗಿ ಬೆಳೆದ ದೇಶಗಳಲ್ಲಿ ಇಡೀ ಆರ್ಥಿಕತೆಯೂ ವೇಗವಾಗಿ ಬೆಳೆಯುತ್ತದೆ ಎಂಬ ಸಂಬಂಧವನ್ನು ಮುಂದಿಟ್ಟರು. ಮೂರನೆಯ ಕಾರಣ ಮಾರುಕಟ್ಟೆ. ತಯಾರಾದ ವಸ್ತುವನ್ನು ಹಡಗಿಗೆ ಏರಿಸಬಹುದು. ಸ್ವದೇಶದಲ್ಲಿ ಕೊಳ್ಳುವ ಶಕ್ತಿ ಎಷ್ಟೇ ಕಡಿಮೆಯಿದ್ದರೂ ಪ್ರಪಂಚದ ಬೇಡಿಕೆ ತೆರೆದಿರುತ್ತದೆ. ಕ್ಷೌರ, ಅಡುಗೆ, ಪಾಠದಂತಹ ಬಹುಪಾಲು ಸೇವೆಗಳಿಗೆ ಈ ಅವಕಾಶ ಇಲ್ಲ.

ಇದರ ಮೇಲೆ ನನಗೆ ಇನ್ನೂ ಮುಖ್ಯವಾಗಿ ಕಾಣುವ ಒಂದು ಸಂಗತಿಯಿದೆ. ಹೊಲಿಗೆ, ಜೋಡಣೆ, ಪಾದರಕ್ಷೆಯಂತಹ ಹಗುರ ಕೈಗಾರಿಕೆಗಳು ಹೆಚ್ಚು ಓದಿಲ್ಲದವರಿಗೂ ಕೆಲವು ವಾರಗಳ ತರಬೇತಿಯಲ್ಲಿ ಕೆಲಸ ಕೊಡುತ್ತವೆ. ಬಡ ದೇಶದಲ್ಲಿ ಇರುವವರು ಅಂಥವರೇ. ಉತ್ಪಾದಕತೆ ಹೆಚ್ಚಿರುವ, ಆದರೆ ಇರುವ ಜನರಿಗೆ ಬಾಗಿಲು ತೆರೆಯದ ವಲಯ ಎಷ್ಟೇ ಹೊಳೆದರೂ ದೇಶದ ಸರಾಸರಿಯನ್ನು ನಿಧಾನವಾಗಿಯೇ ಮೇಲೆತ್ತುತ್ತದೆ.

ಹಾಗಾದರೆ ಕೃಷಿಯನ್ನು ಬದಿಗಿರಿಸಬಹುದೇ?

ಖಂಡಿತ ಕೂಡದು. ಕಾರ್ಖಾನೆಯ ಕೂಲಿಯ ಬಹುಭಾಗ ಅನ್ನಕ್ಕೆ ಹೋಗುವ ಹಂತದಲ್ಲಿ ಧಾನ್ಯದ ಬೆಲೆ ಏರಿದರೆ ಕೂಲಿಯೂ ಏರಬೇಕಾಗುತ್ತದೆ. ಆಗ ರಫ್ತಿನ ಪೈಪೋಟಿಯಲ್ಲಿ ಕೈಗಾರಿಕೆ ಸೋಲುತ್ತದೆ. ಧಾನ್ಯವನ್ನು ಆಮದು ಮಾಡಿಕೊಳ್ಳೋಣವೆಂದರೆ, ಯಂತ್ರ ಕೊಳ್ಳಬೇಕಾಗಿದ್ದ ವಿದೇಶಿ ವಿನಿಮಯ ಆಹಾರಕ್ಕೆ ಖರ್ಚಾಗುತ್ತದೆ. ಗ್ರಾಮೀಣ ಜನರ ಕೈಯಲ್ಲಿ ದುಡ್ಡಿಲ್ಲದಿದ್ದರೆ ಹೊಸ ಕಾರ್ಖಾನೆಗಳ ಬಟ್ಟೆ, ಪಾತ್ರೆ, ಸೈಕಲ್ ಕೊಳ್ಳುವವರೂ ಇರುವುದಿಲ್ಲ.

ಪೂರ್ವ ಏಷ್ಯಾದ ಯಶಸ್ಸಿನ ಕತೆಯನ್ನು ಹೇಳುವಾಗ ಹಡಗು ನಿರ್ಮಾಣ, ಸೆಮಿಕಂಡಕ್ಟರ್‌ಗಳ ಮಾತು ಬರುತ್ತದೆಯೇ ಹೊರತು ಅದರ ಹಿಂದಿನ ಭೂಸುಧಾರಣೆಯ ಮಾತು ಅಷ್ಟಾಗಿ ಬರುವುದಿಲ್ಲ. ತೈವಾನ್‌ನಲ್ಲಿ 1949ರಲ್ಲಿ ಗೇಣಿಯ ಇಳಿಕೆ, 1953ರಲ್ಲಿ ಉಳುವವನಿಗೇ ಹೊಲ ಎಂಬ ಕಾನೂನು ಬಂದವು. ದಕ್ಷಿಣ ಕೊರಿಯಾದಲ್ಲಿ 1950ರ ಸುಮಾರಿಗೆ ಭೂಮಿ ಹಂಚಿಕೆಯಾಯಿತು. ಚೀನಾದಲ್ಲಿ 1978ರ ನಂತರ ಸಾಮೂಹಿಕ ಬೇಸಾಯವನ್ನು ಬಿಟ್ಟು ಕುಟುಂಬಗಳಿಗೆ ಜಮೀನಿನ ಹೊಣೆ ವಹಿಸಿದಾಗ ಇಳುವರಿ ಏರಿತು, ಹೊಲದಲ್ಲಿ ಬೇಡವಾದ ಕೈಗಳನ್ನು ಗ್ರಾಮ ಮತ್ತು ಪಟ್ಟಣ ಮಟ್ಟದ ಉದ್ಯಮಗಳು ಹೀರಿಕೊಂಡವು. 1990ರ ದಶಕದ ನಡುವಿನ ಹೊತ್ತಿಗೆ ಆ ಉದ್ಯಮಗಳಲ್ಲಿ ಹತ್ತು ಕೋಟಿಗೂ ಹೆಚ್ಚು ಜನ ದುಡಿಯುತ್ತಿದ್ದರು. ಕೃಷಿಯ ಪಾಲು ಕುಗ್ಗುವುದು ಬೆಳವಣಿಗೆಯ ಲಕ್ಷಣ ನಿಜ. ಆದರೆ ಅದು ಕೃಷಿ ಸೊರಗಿ ಕುಗ್ಗಬಾರದು, ಮಿಕ್ಕದ್ದು ಅದಕ್ಕಿಂತ ಬೇಗ ಬೆಳೆದು ಕುಗ್ಗಬೇಕು.

ಕೈಗಾರಿಕೆಗಳ ನಡುವಿನ ಕೊಂಡಿಗಳು ಎಂದರೇನು? ಅವುಗಳಿಂದ ಏನಾಗುತ್ತದೆ?

ಈ ಇಡೀ ವಿಷಯದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದೇ ಎಂಬುದು ನನ್ನ ಅಭಿಪ್ರಾಯ. ಒಂದು ಕೈಗಾರಿಕೆ ತನಗೆ ಬೇಕಾದ ಕಚ್ಚಾವಸ್ತು, ಬಿಡಿಭಾಗ, ದುರಸ್ತಿಗಳಿಗಾಗಿ ಇತರರ ಮೊರೆ ಹೋದಾಗ ಹಿಂದಿನ ಹಂತಗಳಲ್ಲಿ ಹೊಸ ಉದ್ಯಮ ಹುಟ್ಟುತ್ತದೆ. ತನ್ನ ಉತ್ಪನ್ನವನ್ನು ಇನ್ನೊಬ್ಬರಿಗೆ ಒದಗಿಸಿದಾಗ ಮುಂದಿನ ಹಂತಗಳಲ್ಲಿ ಹುಟ್ಟುತ್ತದೆ. ಇವನ್ನು ಹಿಮ್ಮುಖ ಮತ್ತು ಮುಮ್ಮುಖ ಕೊಂಡಿಗಳೆಂದು 1958ರಲ್ಲಿ ಹೆಸರಿಸಿ, ಹೂಡಿಕೆಯ ಆಯ್ಕೆಗೆ ಅವನ್ನೇ ಅಳತೆಗೋಲಾಗಿಸಿದವರು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಶ್‌ಮನ್. ಯಾವ ವಲಯ ಯಾವುದರಿಂದ ಎಷ್ಟು ಕೊಳ್ಳುತ್ತದೆ ಎಂಬುದನ್ನು ಕೋಷ್ಟಕವಾಗಿ ಬರೆದು ಲೆಕ್ಕಹಾಕುವ ವಿಧಾನವನ್ನು ಅದಕ್ಕೂ ಮೊದಲೇ ವಾಸಿಲಿ ಲಿಯೊಂಟಿಫ್ ರೂಪಿಸಿದ್ದರು. ಆ ಕೆಲಸಕ್ಕೆ ಅವರಿಗೆ 1973ರಲ್ಲಿ ನೊಬೆಲ್ ಬಂತು.

ಎರಡು ಲೋಹ ಕಾರ್ಖಾನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕೊಂಡಿಯ ಬೆಲೆ ತಿಳಿಯುತ್ತದೆ. ಘಾನಾ ದೇಶ 1960ರ ದಶಕದಲ್ಲಿ ವೋಲ್ಟಾ ನದಿಗೆ ಅಕೊಸೊಂಬೊದಲ್ಲಿ ಭಾರೀ ಅಣೆಕಟ್ಟು ಕಟ್ಟಿತು. ಅದರ ವಿದ್ಯುತ್ತಿನ ಬಹುಪಾಲು ತೇಮಾ ಬಂದರಿನ ಅಲ್ಯೂಮಿನಿಯಂ ಕರಗಿಸುವ ಕಾರ್ಖಾನೆಗೆ ಹೋಯಿತು. ಘಾನಾದ ನೆಲದಲ್ಲಿಯೇ ಬಾಕ್ಸೈಟ್ ಅದಿರು ಇತ್ತು. ಆದರೆ ಅದಿರನ್ನು ಅಲ್ಯುಮಿನಾ ಆಗಿ ಸಂಸ್ಕರಿಸುವ ನಡುವಿನ ಘಟಕ ಕಟ್ಟಲಿಲ್ಲ. ಹೀಗಾಗಿ ದೇಶದ ಬಾಕ್ಸೈಟ್ ಹಸಿಯಾಗಿಯೇ ಹೊರಗೆ ಹೋಯಿತು, ಕಾರ್ಖಾನೆಗೆ ಬೇಕಾದ ಅಲ್ಯುಮಿನಾ ಸಮುದ್ರದಾಚೆಯಿಂದ ಬಂತು, ತಯಾರಾದ ಲೋಹದ ಬಹುಪಾಲು ಮತ್ತೆ ಹೊರಗೇ ಹೋಯಿತು. ಉತ್ಪಾದನೆಯ ಅಂಕಿ ದೊಡ್ಡದಾಗಿತ್ತು. ಸುತ್ತಲಿನ ಆರ್ಥಿಕತೆಗೆ ಅದು ತಾಗಿದ್ದು ಸ್ವಲ್ಪ.

ದಕ್ಷಿಣ ಕೊರಿಯಾ 1968ರಲ್ಲಿ ಪೋಹಾಂಗ್ ಉಕ್ಕು ಕಂಪನಿಯನ್ನು ಸ್ಥಾಪಿಸಿದಾಗ ಆ ದೇಶದಲ್ಲಿ ಒಳ್ಳೆಯ ಕಬ್ಬಿಣದ ಅದಿರೂ ಇರಲಿಲ್ಲ, ಬೇಕಾದ ಕಲ್ಲಿದ್ದಲೂ ಇರಲಿಲ್ಲ. ಅಂತರರಾಷ್ಟ್ರೀಯ ಸಾಲದಾತರು ಯೋಜನೆ ಲಾಭಕರವಲ್ಲವೆಂದು ಹಿಂದೆ ಸರಿದರು. ಜಪಾನ್ ಕೊಟ್ಟ ಪರಿಹಾರದ ಹಣವನ್ನು ಅದಕ್ಕೆ ತೊಡಗಿಸಲಾಯಿತು. 1973ರಲ್ಲಿ ಉಕ್ಕು ಹರಿಯತೊಡಗಿದಾಗ ಪಕ್ಕದ ಉಲ್ಸಾನ್‌ನಲ್ಲಿ ಹಡಗು ನಿರ್ಮಾಣ ಕಾರ್ಖಾನೆ ಏಳುತ್ತಿತ್ತು, ಅದರ ಬೆನ್ನಿಗೆ ಮೋಟಾರು ವಾಹನ, ಯಂತ್ರೋಪಕರಣ, ಗೃಹೋಪಯೋಗಿ ವಸ್ತುಗಳ ತಯಾರಿಕೆ ಬೆಳೆಯುತ್ತಿತ್ತು. ಉಕ್ಕಿಗೆ ಕೊಳ್ಳುವವರು ಸಿಕ್ಕರು, ಕೊಳ್ಳುವವರಿಗೆ ಅಗ್ಗದ ಉಕ್ಕು ಸಿಕ್ಕಿತು. ಅದಿರು ಇದ್ದ ದೇಶಕ್ಕೆ ದಕ್ಕದ ಲಾಭ ಅದಿರೇ ಇಲ್ಲದ ದೇಶಕ್ಕೆ ದಕ್ಕಿದ್ದು ಮುಮ್ಮುಖ ಕೊಂಡಿಗಳ ಬಲದಿಂದ.

ಬಿಡಿಭಾಗ ಮಾಡುವವರು, ಅಚ್ಚು ಕೊರೆಯುವವರು, ಯಂತ್ರ ದುರಸ್ತಿಯವರು ಒಂದೇ ಪ್ರದೇಶದಲ್ಲಿ ನೆಲೆಸಿದಾಗ ಇನ್ನೂ ಒಂದು ಲಾಭವಿದೆ. ಹೊಸ ಉದ್ಯಮವೊಂದು ಎಲ್ಲವನ್ನೂ ತಾನೇ ಮಾಡಿಕೊಳ್ಳಬೇಕಾಗಿಲ್ಲ. ಪ್ರಾರಂಭದ ವೆಚ್ಚ ಇಳಿಯುತ್ತದೆ, ಅನುಭವಿ ಕೆಲಸಗಾರರು ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ಹೋಗುವಾಗ ಕೌಶಲವನ್ನೂ ಒಯ್ಯುತ್ತಾರೆ.

ತೈಲ, ಖನಿಜಗಳ ಸಂಪತ್ತು ಇದ್ದರೆ ಬೆಳವಣಿಗೆ ಸುಲಭವಲ್ಲವೇ?

ಸಂಪತ್ತು ಶಾಪವೂ ಅಲ್ಲ, ವರವೂ ಅಲ್ಲ. ಅದು ಉಳಿದ ವಲಯಗಳ ಮೇಲೆ ಏನು ಮಾಡುತ್ತದೆ ಎಂಬುದನ್ನು ಅವಲಂಬಿಸಿದೆ. ನೆದರ್ಲೆಂಡ್ಸ್‌ನ ಗ್ರೊನಿಂಗೆನ್‌ನಲ್ಲಿ 1959ರಲ್ಲಿ ದೊಡ್ಡ ಅನಿಲ ನಿಕ್ಷೇಪ ಸಿಕ್ಕಿತು. ಅನಿಲದ ರಫ್ತಿನಿಂದ ಹರಿದುಬಂದ ವಿದೇಶಿ ಹಣ ಅಲ್ಲಿನ ನಾಣ್ಯದ ಮೌಲ್ಯವನ್ನು ಏರಿಸಿತು, ಅದರಿಂದ ಇತರ ಕಾರ್ಖಾನೆಗಳ ಸರಕು ಹೊರದೇಶದವರಿಗೆ ದುಬಾರಿಯಾಯಿತು. 1977ರಲ್ಲಿ ಇದಕ್ಕೆ 'ಡಚ್ ಕಾಯಿಲೆ' ಎಂಬ ಹೆಸರು ಬಂತು. ಶ್ರೀಮಂತ ನೆದರ್ಲೆಂಡ್ಸ್ ಇದನ್ನು ತಡೆದುಕೊಂಡಿತು. ಕೈಗಾರಿಕೆ ಇನ್ನೂ ಮೊಳಕೆಯಲ್ಲಿರುವ ದೇಶಕ್ಕೆ ಅದೇ ಪೆಟ್ಟು ಹೆಚ್ಚು ಕಾಲ ಉಳಿಯುತ್ತದೆ, ಏಕೆಂದರೆ ಮುಚ್ಚಿದ ಕಾರ್ಖಾನೆಯ ಜೊತೆಗೆ ಅದರಲ್ಲಿ ಆಗಬೇಕಿದ್ದ ಕಲಿಕೆಯೂ ಹೋಗುತ್ತದೆ.

ನೈಜೀರಿಯಾದಲ್ಲಿ 1956ರಲ್ಲಿ ಒಲೊಯಿಬಿರಿ ಎಂಬಲ್ಲಿ ತೈಲ ಸಿಗುವ ಮುನ್ನ ಶೇಂಗಾ, ಕೋಕೊ, ತಾಳೆ ಎಣ್ಣೆಗಳು ಪ್ರಮುಖ ರಫ್ತುಗಳಾಗಿದ್ದವು. 1970ರ ದಶಕದ ಬೆಲೆಯೇರಿಕೆಯ ನಂತರ ರಫ್ತು ಆದಾಯದ ಶೇ. 90ಕ್ಕೂ ಮಿಕ್ಕಿ ತೈಲದ್ದಾಯಿತು, ಹಿಂದಿನ ಬೆಳೆಗಳು ಸೊರಗಿದವು. ಜಾಂಬಿಯಾದ ಕತೆ ಬೆಲೆಯ ಏರಿಳಿತದ್ದು. ಸ್ವಾತಂತ್ರ್ಯದ ಹೊತ್ತಿಗೆ ತಾಮ್ರದ ಬಲದಿಂದ ಆಫ್ರಿಕಾದ ಸ್ಥಿತಿವಂತ ದೇಶಗಳಲ್ಲಿ ಒಂದಾಗಿದ್ದ ಅದು, 1970ರ ದಶಕದ ಮಧ್ಯದಲ್ಲಿ ತಾಮ್ರದ ಬೆಲೆ ಕುಸಿದಾಗ ಸಾಲದ ಸುಳಿಗೆ ಬಿತ್ತು. ಗಣಿ ಮತ್ತು ತೈಲಬಾವಿಗಳು ಬಂಡವಾಳವನ್ನು ಧಾರಾಳವಾಗಿ ಬೇಡುತ್ತವೆ, ಜನರನ್ನು ಬೇಡುವುದಿಲ್ಲ ಎಂಬ ಇನ್ನೊಂದು ಮಿತಿಯೂ ಇದೆ.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಬೋಟ್ಸ್ವಾನಾ 1966ರಲ್ಲಿ ಸ್ವತಂತ್ರವಾದ ಮರುವರ್ಷವೇ ಒರಾಪಾದಲ್ಲಿ ವಜ್ರ ಪತ್ತೆಯಾಯಿತು. ಆ ಆದಾಯವನ್ನು ಅದು ರಸ್ತೆ, ಶಾಲೆ, ಉಳಿತಾಯ ನಿಧಿಗಳಿಗೆ ಎಚ್ಚರಿಕೆಯಿಂದ ಬಳಸಿ ಹಲವು ದಶಕ ವೇಗವಾಗಿ ಬೆಳೆಯಿತು. ಆದರೂ ರಫ್ತಿನಲ್ಲಿ ವಜ್ರದ್ದೇ ಸಿಂಹಪಾಲು. ಉತ್ತಮ ಆಡಳಿತವಿದ್ದ ಮಾತ್ರಕ್ಕೆ ರಚನೆ ಬದಲಾಗಿಬಿಡುವುದಿಲ್ಲ ಎಂಬುದಕ್ಕೂ ಅದು ಉದಾಹರಣೆ. ಇಂಡೊನೇಷ್ಯಾ ಬೇರೆ ದಾರಿ ಹಿಡಿದು, 2020ರ ಜನವರಿಯಿಂದ ನಿಕ್ಕಲ್ ಅದಿರಿನ ರಫ್ತನ್ನು ನಿಷೇಧಿಸಿತು. ಸುಲವೇಸಿ ದ್ವೀಪದಲ್ಲಿ, ಹೆಚ್ಚಾಗಿ ಚೀನಾದ ಬಂಡವಾಳದಿಂದ, ಸಂಸ್ಕರಣಾ ಘಟಕಗಳು ಎದ್ದವು, ರಫ್ತಿನ ಮೌಲ್ಯವೂ ಜಿಗಿಯಿತು. ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳ ಹೊಗೆ, ಕಾಡಿನ ನಾಶ, ಕೆಲಸಗಾರರ ಸುರಕ್ಷತೆಯ ಕೊರತೆ ಆ ಲೆಕ್ಕದ ಇನ್ನೊಂದು ಬದಿ. ಅವುಗಳನ್ನು ಬಿಟ್ಟು ಲಾಭವನ್ನಷ್ಟೇ ಹೇಳುವುದು ಅಲ್ಲಿ ಬದುಕುವವರಿಗೆ ಮಾಡುವ ಅನ್ಯಾಯ.

ಭಾರೀ ಕೈಗಾರಿಕೆ ಮೊದಲೋ, ಹಗುರ ಕೈಗಾರಿಕೆ ಮೊದಲೋ?

ಭಾರತದ ಎರಡನೆಯ ಪಂಚವಾರ್ಷಿಕ ಯೋಜನೆ, 1956ರಿಂದ 1961ರವರೆಗಿನದು, ಮೊದಲನೆಯ ಉತ್ತರವನ್ನು ಆರಿಸಿಕೊಂಡಿತು. ಸಂಖ್ಯಾಶಾಸ್ತ್ರಜ್ಞ ಪ್ರಶಾಂತ ಚಂದ್ರ ಮಹಲನೋಬಿಸ್ ಅವರ ಮಾದರಿಯ ಪ್ರಕಾರ, ಯಂತ್ರ ಮಾಡುವ ಯಂತ್ರಗಳಲ್ಲಿ ಇಂದು ಹೂಡಿದರೆ ನಾಳಿನ ಹೂಡಿಕೆಯ ಶಕ್ತಿ ಹೆಚ್ಚುತ್ತದೆ. ಭಿಲಾಯಿ, ರೂರ್ಕೆಲಾ, ದುರ್ಗಾಪುರಗಳ ಉಕ್ಕು ಸ್ಥಾವರಗಳು ಆ ಕಾಲದವು. ಆ ಆಯ್ಕೆಯಿಂದ ಎಂಜಿನಿಯರಿಂಗ್ ಸಾಮರ್ಥ್ಯದ ತಳಪಾಯ ಬಿತ್ತು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಹೆಚ್ಚು ಬಂಡವಾಳ, ಕಡಿಮೆ ಕೆಲಸ ಎಂಬ ಗುಣವುಳ್ಳ ಉದ್ಯಮಗಳು ಹಳ್ಳಿಯ ಹೆಚ್ಚುವರಿ ಕೈಗಳನ್ನು ಸೆಳೆಯಲಿಲ್ಲ. ಇಂದಿಗೂ ಭಾರತದ ಒಟ್ಟು ಮೌಲ್ಯವರ್ಧನೆಯಲ್ಲಿ (ಕಚ್ಚಾವಸ್ತುಗಳ ಬೆಲೆ ಕಳೆದು ಉಳಿಯುವ ಉತ್ಪನ್ನದ ಮೌಲ್ಯದಲ್ಲಿ) ಕೃಷಿಯ ಪಾಲು ಐದನೇ ಒಂದರಷ್ಟಿದ್ದರೆ, ದುಡಿಯುವವರಲ್ಲಿ ಶೇ. 40ಕ್ಕೂ ಹೆಚ್ಚು ಮಂದಿ ಅದನ್ನೇ ನೆಚ್ಚಿದ್ದಾರೆ.

ಕೊರಿಯಾ 1960ರ ದಶಕದಲ್ಲಿ ಬಟ್ಟೆ, ಪ್ಲೈವುಡ್, ಕೃತಕ ಕೂದಲಿನ ರಫ್ತಿನಿಂದ ಆರಂಭಿಸಿ, 1973ರಲ್ಲಿ ಭಾರೀ ಮತ್ತು ರಾಸಾಯನಿಕ ಕೈಗಾರಿಕೆಗಳ ಅಭಿಯಾನಕ್ಕೆ ಇಳಿಯಿತು. ಬಾಂಗ್ಲಾದೇಶ ಇನ್ನೂ ಹಗುರವಾದ ತುದಿಯಿಂದ ಹೊರಟಿತು. 1979ರ ಸುಮಾರಿಗೆ ದೇಶ್ ಗಾರ್ಮೆಂಟ್ಸ್ ಎಂಬ ಕಂಪನಿ ಕೊರಿಯಾದ ಡೇವೂ ಜೊತೆ ಒಪ್ಪಂದ ಮಾಡಿಕೊಂಡು 130 ಮಂದಿಯನ್ನು ತರಬೇತಿಗೆ ಕಳುಹಿಸಿತು. ಅವರಲ್ಲಿ ಅನೇಕರು ಮುಂದೆ ಸ್ವಂತ ಕಾರ್ಖಾನೆ ತೆರೆದರು, ಇಲ್ಲವೇ ಬೇರೆಯವರ ಕಾರ್ಖಾನೆ ನಡೆಸಿದರು. ಕಲಿಕೆ ಹರಡುವುದು ಎಂದರೆ ಇದು. ಇಂದು ಆ ದೇಶದ ರಫ್ತಿನ ಶೇ. 80ಕ್ಕಿಂತ ಹೆಚ್ಚು ಸಿದ್ಧ ಉಡುಪು, ಅದರಲ್ಲಿ ದುಡಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತದ್ದು, ಇಂಥ ಬೆಳವಣಿಗೆಯಲ್ಲಿ ಕಟ್ಟಡ ತಪಾಸಣೆ ಮತ್ತು ಕಾರ್ಮಿಕ ಸಂಘಟನೆ ಹಿಂದುಳಿದರೆ ಯಾರು ಬೆಲೆ ತೆರುತ್ತಾರೆ ಎಂಬುದನ್ನು ತೋರಿಸಿತು.

ನನ್ನ ತೀರ್ಮಾನ ಹೀಗಿದೆ: ಜನ ಹೆಚ್ಚು, ಬಂಡವಾಳ ಕಡಿಮೆ ಇರುವ ಹಂತದಲ್ಲಿ ಹಗುರ ಕೈಗಾರಿಕೆಯೇ ಮೊದಲ ಮೆಟ್ಟಿಲು. ಆದರೆ ಎರಡನೆಯ ಮೆಟ್ಟಿಲಿನ ತಯಾರಿ, ಎಂದರೆ ತಾಂತ್ರಿಕ ಶಿಕ್ಷಣ, ವಿದ್ಯುತ್, ಬಂದರುಗಳ ಕೆಲಸ, ಮೊದಲ ಮೆಟ್ಟಿಲಿನಲ್ಲಿರುವಾಗಲೇ ನಡೆಯಬೇಕು.

ಎಳೆಯ ಕೈಗಾರಿಕೆಗಳಿಗೆ ಸುಂಕದ ರಕ್ಷಣೆ ಕೊಡುವುದು ಸರಿಯೇ?

ಅಮೆರಿಕದ ಅಲೆಗ್ಸಾಂಡರ್ ಹ್ಯಾಮಿಲ್ಟನ್ 1791ರಲ್ಲಿಯೇ ಈ ವಾದ ಮಂಡಿಸಿದ್ದರು, ಜರ್ಮನಿಯ ಫ್ರೆಡ್ರಿಕ್ ಲಿಸ್ಟ್ 1841ರಲ್ಲಿ ಅದನ್ನು ವಿಸ್ತರಿಸಿದರು. ಕಲಿಯಲು ಕಾಲ ಬೇಕು, ಆ ಕಾಲದಲ್ಲಿ ನಷ್ಟ ಸಹಜ ಎಂಬುದು ಅದರ ಸಾರ. ರಕ್ಷಣೆಗೆ ಪ್ರತಿಯಾಗಿ ಏನು ಕೇಳಲಾಯಿತು ಎಂಬಲ್ಲಿ ದೇಶ ದೇಶಗಳ ಫಲಿತಾಂಶ ಬೇರೆಯಾಯಿತು. ಲ್ಯಾಟಿನ್ ಅಮೆರಿಕದ ಹಲವು ದೇಶಗಳಲ್ಲಿ ಆಮದಿಗೆ ಬದಲಿಯಾಗಿ ಹುಟ್ಟಿದ ಕಾರ್ಖಾನೆಗಳು ಸುಂಕದ ಗೋಡೆಯ ಹಿಂದೆ ಸಣ್ಣ ಸ್ವದೇಶಿ ಮಾರುಕಟ್ಟೆಗೇ ತೃಪ್ತವಾದವು. ಯಂತ್ರ ಮತ್ತು ಬಿಡಿಭಾಗಗಳ ಆಮದು ಮಾತ್ರ ನಿಲ್ಲಲಿಲ್ಲ, ವಿದೇಶಿ ವಿನಿಮಯದ ಅಭಾವ ಮತ್ತೆ ಮತ್ತೆ ಕಾಡಿತು. ಕೊರಿಯಾದಲ್ಲಿ ಅಗ್ಗದ ಸಾಲ ಸಿಗಬೇಕಾದರೆ ರಫ್ತು ಗುರಿ ಮುಟ್ಟಬೇಕಾಗಿತ್ತು. ಹೊರಗಿನ ಕೊಳ್ಳುಗನಿಗೆ ಸರಕು ಒಪ್ಪಿಗೆಯಾಯಿತೇ ಎಂಬುದು ಯಾವ ಅಧಿಕಾರಿಯೂ ತಿದ್ದಲಾಗದ ಪರೀಕ್ಷೆ.

ಬ್ರೆಜಿಲ್‌ನಲ್ಲೂ ಒಂದು ಅಪವಾದವಿದೆ. 1950ರಲ್ಲಿ ವೈಮಾನಿಕ ತಂತ್ರಜ್ಞಾನ ಸಂಸ್ಥೆಯನ್ನು ತೆರೆದು ಎಂಜಿನಿಯರುಗಳನ್ನು ಸಿದ್ಧಗೊಳಿಸಿದ ಮೇಲೆ, 1969ರಲ್ಲಿ ಸ್ಥಾಪನೆಯಾದ ಎಂಬ್ರೇರ್ ಜಾಗತಿಕ ಮಟ್ಟದ ವಿಮಾನ ತಯಾರಕನಾಗಿ ಬೆಳೆಯಿತು. ಇಲ್ಲಿ ಕೌಶಲ ಮೊದಲು, ಕಾರ್ಖಾನೆ ನಂತರ ಬಂದದ್ದನ್ನು ಗಮನಿಸಬೇಕು.

ಉದ್ಯಮಗಳ ಗಾತ್ರಕ್ಕೂ ಬೆಳವಣಿಗೆಗೂ ಸಂಬಂಧವಿದೆಯೇ?

ಇದೆ. ಬಹಳಷ್ಟು ಬಡ ದೇಶಗಳಲ್ಲಿ ಒಂದು ತುದಿಗೆ ಲೆಕ್ಕವಿಲ್ಲದಷ್ಟು ಅತಿ ಸಣ್ಣ ಘಟಕಗಳು, ಇನ್ನೊಂದು ತುದಿಗೆ ಕೆಲವೇ ದೊಡ್ಡ ಕಂಪನಿಗಳು ಇರುತ್ತವೆ. ಐವತ್ತು, ನೂರು ಜನ ದುಡಿಯುವ ನಡುವಿನ ಗಾತ್ರದವು ವಿರಳ. ಸಣ್ಣದು ಸಣ್ಣದಾಗಿಯೇ ಉಳಿಯುವುದಕ್ಕೆ ಸಾಲದ ಅಭಾವ, ಅಸ್ಥಿರ ವಿದ್ಯುತ್, ಬೆಳೆದರೆ ಹೆಚ್ಚುವ ಕಾನೂನಿನ ಹೊರೆ ಕಾರಣಗಳು. ಭಾರತದಲ್ಲಿ ಕೆಲವು ವಸ್ತುಗಳ ತಯಾರಿಕೆಯನ್ನು ಸಣ್ಣ ಉದ್ಯಮಗಳಿಗೆ ಮಾತ್ರ ಮೀಸಲಿಡುವ ನೀತಿ 1967ರಲ್ಲಿ 47 ವಸ್ತುಗಳಿಂದ ಆರಂಭವಾಗಿ 800ಕ್ಕೂ ಹೆಚ್ಚು ವಸ್ತುಗಳವರೆಗೆ ಬೆಳೆಯಿತು. ಕೊನೆಯ 20 ವಸ್ತುಗಳ ಮೀಸಲಾತಿ ತೆಗೆದದ್ದು 2015ರಲ್ಲಿ. ಸದುದ್ದೇಶದ ಆ ನೀತಿ, ರಫ್ತಿಗೆ ಬೇಕಾದ ಗಾತ್ರಕ್ಕೆ ಬೆಳೆಯುವ ಅವಕಾಶವನ್ನು ಉದ್ಯಮಗಳಿಂದ ಕಿತ್ತುಕೊಂಡಿತು.

ದೊಡ್ಡದೇ ಒಳ್ಳೆಯದೆಂದೂ ಹೇಳಲಾಗದು. ಕೊರಿಯಾ ದೊಡ್ಡ ಉದ್ಯಮ ಸಮೂಹಗಳ ಮೇಲೆ ಭಾರ ಹಾಕಿದರೆ, ತೈವಾನ್ ಸಣ್ಣ ಮತ್ತು ಮಧ್ಯಮ ಉದ್ಯಮಗಳ ಜಾಲದಿಂದ ಬೆಳೆಯಿತು. ಅವುಗಳಿಗೆ ತಾವೇ ಭರಿಸಲಾಗದ ಸಂಶೋಧನೆಯನ್ನು 1973ರಲ್ಲಿ ಆರಂಭವಾದ ಸರ್ಕಾರಿ ಕೈಗಾರಿಕಾ ಸಂಶೋಧನಾ ಸಂಸ್ಥೆ ಮಾಡಿಕೊಟ್ಟಿತು. ಚಿಪ್ ತಯಾರಿಕೆಯ ಟಿಎಸ್‌ಎಂಸಿ 1987ರಲ್ಲಿ ಹುಟ್ಟಿದ್ದು ಆ ಸಂಸ್ಥೆಯ ಮಡಿಲಿನಿಂದ.

ತಯಾರಿಕೆಯನ್ನು ದಾಟಿ ನೇರವಾಗಿ ಸೇವಾ ವಲಯಕ್ಕೆ ಜಿಗಿಯಬಹುದೇ?

ಇದು ಇಂದಿನ ನಿಜವಾದ ಚರ್ಚೆ. ಅರ್ಥಶಾಸ್ತ್ರಜ್ಞ ಡಾನಿ ರೋಡ್ರಿಕ್ ತೋರಿಸಿಕೊಟ್ಟಂತೆ, ತಡವಾಗಿ ಹೊರಟ ದೇಶಗಳಲ್ಲಿ ತಯಾರಿಕಾ ಉದ್ಯೋಗದ ಪಾಲು ಹಿಂದಿನ ಕೈಗಾರಿಕಾ ದೇಶಗಳು ಮುಟ್ಟಿದ ಎತ್ತರಕ್ಕೆ ಏರುವ ಮುನ್ನವೇ, ತಲಾ ಆದಾಯ ಇನ್ನೂ ಕಡಿಮೆಯಿರುವಾಗಲೇ, ಇಳಿಯತೊಡಗುತ್ತದೆ. ಯಂತ್ರಗಳು ಮೊದಲಿಗಿಂತ ಕಡಿಮೆ ಕೈಗಳನ್ನು ಕೇಳುತ್ತವೆ, ಜಾಗತಿಕ ಪೈಪೋಟಿ ತೀವ್ರವಾಗಿದೆ. ಇದನ್ನು ಅಕಾಲಿಕ ಕೈಗಾರಿಕಾ ಕುಸಿತ ಎನ್ನುತ್ತಾರೆ. ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದ ಎಷ್ಟೋ ಕಡೆ ಹಳ್ಳಿ ಬಿಟ್ಟ ಜನ ಕಾರ್ಖಾನೆಯ ಬದಲು ನಗರದ ಅನೌಪಚಾರಿಕ, ಎಂದರೆ ಕರಾರು, ಸಾಮಾಜಿಕ ಭದ್ರತೆಗಳಿಲ್ಲದ, ಕೆಲಸಗಳಿಗೆ ಸೇರಿದ್ದಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ಅಂದಾಜಿನ ಪ್ರಕಾರ ಪ್ರಪಂಚದ ದುಡಿಯುವವರಲ್ಲಿ ಶೇ. 60ಕ್ಕಿಂತ ಹೆಚ್ಚು, ಎಂದರೆ ಸುಮಾರು 200 ಕೋಟಿ ಜನ, ಅನೌಪಚಾರಿಕ ದುಡಿಮೆಯಲ್ಲಿದ್ದಾರೆ.

ಸೇವೆಗಳಲ್ಲಿ ರಫ್ತಾಗುವಂಥವೂ ಇವೆ. ಭಾರತದ ಮಾಹಿತಿ ತಂತ್ರಜ್ಞಾನ, ಫಿಲಿಪ್ಪೀನ್ಸ್‌ನ ಕಾಲ್ ಸೆಂಟರ್‌ಗಳು ಅದಕ್ಕೆ ಸಾಕ್ಷಿ. ಆದರೆ ಭಾರತದ ಮಾಹಿತಿ ತಂತ್ರಜ್ಞಾನ ವಲಯದ ನೇರ ಉದ್ಯೋಗ ಸುಮಾರು 50 ಲಕ್ಷ, ದೇಶದಲ್ಲಿ ದುಡಿಯುವವರು 50 ಕೋಟಿಗೂ ಹೆಚ್ಚು. ಆ ಬಾಗಿಲಿನಿಂದ ಒಳಹೋಗಲು ಪದವಿ ಬೇಕು, ಭಾಷೆ ಬೇಕು. ಹಾಗಾಗಿ ನಾನು ಸೇವೆಗಳನ್ನು ತಯಾರಿಕೆಗೆ ಬದಲಿಯಾಗಿ ನೋಡುವುದಿಲ್ಲ; ಸಾಗಣೆ, ವಿನ್ಯಾಸ, ದುರಸ್ತಿ, ಹಣಕಾಸಿನಂತೆ ತಯಾರಿಕೆಗೆ ಹೆಗಲು ಕೊಡುವ ಸೇವೆಗಳನ್ನು ಅದರ ಜೊತೆಯಲ್ಲೇ ಬೆಳೆಸುವುದು ಹೆಚ್ಚು ಫಲ ಕೊಡುವ ದಾರಿ.

ವಿದೇಶಿ ಕಂಪನಿಗಳು ಬಂದು ಜೋಡಣೆ ಘಟಕ ತೆರೆದರೆ ಸಾಕೇ?

ಆರಂಭಕ್ಕೆ ಸಾಕು. ಮಲೇಷ್ಯಾದ ಪೆನಾಂಗ್‌ನಲ್ಲಿ 1972ರಿಂದ ಮುಕ್ತ ವ್ಯಾಪಾರ ವಲಯಕ್ಕೆ (ಸುಂಕದ ವಿನಾಯಿತಿಯಿರುವ ಪ್ರದೇಶಕ್ಕೆ) ಬಂದ ಎಲೆಕ್ಟ್ರಾನಿಕ್ಸ್ ಕಂಪನಿಗಳು, ರಬ್ಬರ್ ಮತ್ತು ತವರವನ್ನೇ ನೆಚ್ಚಿದ್ದ ದೇಶದ ರಫ್ತಿನ ಮುಖವನ್ನೇ ಬದಲಿಸಿದವು, ಕಾಲಕ್ರಮದಲ್ಲಿ ಸ್ಥಳೀಯ ಪೂರೈಕೆದಾರರೂ ಬೆಳೆದರು. ಕೋಸ್ಟರಿಕಾಕ್ಕೆ ಚಿಪ್ ತಯಾರಿಸುವ ಇಂಟೆಲ್ ಕಂಪನಿ ಬಂದದ್ದು 1990ರ ದಶಕದ ಕೊನೆಯಲ್ಲಿ. 2014ರಲ್ಲಿ ಅದು ಅಲ್ಲಿನ ಜೋಡಣೆ ಕೆಲಸವನ್ನು ನಿಲ್ಲಿಸುವುದಾಗಿ ಹೇಳಿದಾಗ ದೇಶ ಕಂಗಾಲಾಗಲಿಲ್ಲ, ಏಕೆಂದರೆ ಅಷ್ಟರಲ್ಲಿ ವೈದ್ಯಕೀಯ ಉಪಕರಣಗಳ ತಯಾರಿಕೆ ಬೇರೂರಿತ್ತು. ಬಿಡಿಭಾಗಗಳೆಲ್ಲ ಹಡಗಿನಲ್ಲಿ ಬಂದು, ಜೋಡಣೆಯಾಗಿ, ಮತ್ತೆ ಹಡಗು ಹತ್ತುವವರೆಗೆ ದೇಶಕ್ಕೆ ಉಳಿಯುವುದು ಹೆಚ್ಚಾಗಿ ಕೂಲಿಯಷ್ಟೇ.

ಒಂದೇ ಸರಕಿನ ಮೇಲೆ ನಿಂತ ರಫ್ತಿನಿಂದ ಎಂಥ ಅಪಾಯ?

ಬೆಲೆ ಕುಸಿತ ಒಂದು ಅಪಾಯ, ನಿಯಮ ಬದಲಾವಣೆ ಇನ್ನೊಂದು. ಜವಳಿ ವ್ಯಾಪಾರಕ್ಕೆ ದೇಶವಾರು ಮಿತಿ ಹಾಕಿದ್ದ ಬಹುನಾರು ಒಪ್ಪಂದದ ವ್ಯವಸ್ಥೆ 2004ರ ಕೊನೆಗೆ ಮುಗಿದಾಗ, ಕೋಟಾ ಬಲದಿಂದಷ್ಟೇ ಮಾರುತ್ತಿದ್ದ ಹಲವು ಸಣ್ಣ ದೇಶಗಳ ಹೊಲಿಗೆ ಘಟಕಗಳು ಬಾಗಿಲು ಹಾಕಿದವು. ಇಥಿಯೋಪಿಯಾ 2022ರ ಜನವರಿಯಲ್ಲಿ ಅಮೆರಿಕದ ಸುಂಕರಹಿತ ಪ್ರವೇಶವನ್ನು ಕಳೆದುಕೊಂಡಾಗ ಅಲ್ಲಿನ ಹೊಸ ಕೈಗಾರಿಕಾ ಪಾರ್ಕ್‌ಗಳ ಉಡುಪು ಘಟಕಗಳಿಗೆ ನೇರ ಪೆಟ್ಟು ಬಿತ್ತು. ಮಾರಿಷಸ್ ಕಬ್ಬಿನಿಂದ ಉಡುಪಿಗೆ, ಉಡುಪಿನಿಂದ ಪ್ರವಾಸೋದ್ಯಮ ಮತ್ತು ಹಣಕಾಸು ಸೇವೆಗೆ ಹೆಜ್ಜೆ ಇಟ್ಟಿತು. ರಫ್ತಿಗಾಗಿ ತಯಾರಿಸುವ ಕಾರ್ಖಾನೆಗಳಿಗೆ ವಿನಾಯಿತಿ ಕೊಟ್ಟ 1970ರ ರಫ್ತು ಸಂಸ್ಕರಣಾ ವಲಯದ ಕಾಯ್ದೆ ಅದಕ್ಕೆ ಮೊದಲ ತಿರುವು. ದೇಶಗಳು ಬೆಳೆಯುತ್ತ ಮೊದಲು ತಮ್ಮ ಕಸುಬುಗಳನ್ನು ಹೆಚ್ಚಿಸಿಕೊಳ್ಳುತ್ತವೆ, ಬಹುಮಟ್ಟಿಗೆ ಶ್ರೀಮಂತವಾದ ಮೇಲಷ್ಟೇ ಮತ್ತೆ ಕೆಲವಕ್ಕೆ ಸೀಮಿತವಾಗುತ್ತವೆ ಎಂದು 2003ರಲ್ಲಿ ಅರ್ಥಶಾಸ್ತ್ರಜ್ಞರಾದ ಇಂಬ್ಸ್ ಮತ್ತು ವಾಕ್ಜಿಯಾರ್ಗ್ ಅವರ ಅಧ್ಯಯನ ತೋರಿಸಿತು. ಬಡ ದೇಶಕ್ಕೆ 'ಒಂದನ್ನೇ ಚೆನ್ನಾಗಿ ಮಾಡು' ಎಂಬ ಸಲಹೆ ಅಕಾಲಿಕ.

ಒಂದು ದೇಶದ ರಚನೆಯನ್ನು ಅಂಕಿಅಂಶಗಳಿಂದ ಓದುವುದು ಹೇಗೆ?

ಮೊದಲು ಪ್ರತಿ ವಲಯದ ಉತ್ಪನ್ನದ ಪಾಲನ್ನು ಅದೇ ವಲಯದ ಉದ್ಯೋಗದ ಪಾಲಿನಿಂದ ಭಾಗಿಸಿ ನೋಡಿ. ಕೃಷಿಗೆ ಬರುವ ಸಂಖ್ಯೆ ಒಂದಕ್ಕಿಂತ ಬಹಳ ಕೆಳಗಿದ್ದರೆ ಜನ ಅಲ್ಲಿ ಸಿಕ್ಕಿಬಿದ್ದಿದ್ದಾರೆ ಎಂದರ್ಥ. ಆಮೇಲೆ ಹತ್ತಿಪ್ಪತ್ತು ವರ್ಷಗಳ ಅಂತರದಲ್ಲಿ ಕೃಷಿ ಬಿಟ್ಟವರ ಪಾಲು ಯಾವ ವಲಯಕ್ಕೆ ಸೇರಿತು ಎಂಬುದನ್ನು ಗಮನಿಸಿ. 'ಕೈಗಾರಿಕೆ' ಎಂಬ ಶೀರ್ಷಿಕೆಯಡಿ ಗಣಿ, ವಿದ್ಯುತ್, ಕಟ್ಟಡ ನಿರ್ಮಾಣಗಳೂ ಸೇರಿರುತ್ತವೆಯಾದ್ದರಿಂದ ತಯಾರಿಕೆಯ ಸಾಲನ್ನು ಪ್ರತ್ಯೇಕವಾಗಿ ಓದಬೇಕು. ತೈಲ ದೇಶವೊಂದರ 'ಕೈಗಾರಿಕಾ ಪಾಲು' ಶೇ. 50 ಇದ್ದೂ ಅಲ್ಲಿ ತಯಾರಿಕೆ ಹೆಸರಿಗಷ್ಟೇ ಇರಬಹುದು. ರಫ್ತಿನ ಒಟ್ಟು ಮೊತ್ತದ ಪಕ್ಕದಲ್ಲಿ ಅದಕ್ಕಾಗಿ ಆಮದಾದ ಬಿಡಿಭಾಗಗಳ ಮೊತ್ತವನ್ನು ಇಟ್ಟು, ದೇಶದೊಳಗೆ ಸೇರಿದ ಮೌಲ್ಯ ಎಷ್ಟೆಂದು ಲೆಕ್ಕಹಾಕಿ. ಬೆಲೆಗಳು ಏರಿಳಿಯುವ ವರ್ಷಗಳಲ್ಲಿ ಚಾಲ್ತಿ ಬೆಲೆಯ (ಆಯಾ ವರ್ಷದ ಬೆಲೆಯಲ್ಲಿ ಲೆಕ್ಕಹಾಕಿದ) ಪಾಲು ದಾರಿ ತಪ್ಪಿಸುತ್ತದೆ. ತೈಲದ ಬೆಲೆ ಅರ್ಧಕ್ಕಿಳಿದ ವರ್ಷ ತಯಾರಿಕೆಯ ಪಾಲು ಕಾಗದದ ಮೇಲೆ ಏರಿರುತ್ತದೆ, ಹೊಸ ಕಾರ್ಖಾನೆ ಒಂದೂ ಎದ್ದಿರುವುದಿಲ್ಲ. ಸ್ಥಿರ ಬೆಲೆಯ (ಎಲ್ಲ ವರ್ಷಗಳನ್ನೂ ಒಂದೇ ವರ್ಷದ ಬೆಲೆಯಲ್ಲಿ ಅಳೆದ) ಸರಣಿಯನ್ನು ಪಕ್ಕದಲ್ಲಿಟ್ಟುಕೊಂಡರೆ ಅದು ಕೂಡಲೇ ಗೊತ್ತಾಗುತ್ತದೆ.